ಒಂದೆಲಗ ಅಂತ ಇಲಿಕಿವಿ ನೆಟ್ಟವನ ಅನುಭವ

ಹೋದ ವಾರ ಮೈಸೂರಿನ ಸೊಪ್ಪಿನ ವ್ಯಾಪಾರಿಯೊಬ್ಬರು ನನ್ನ ಕಟ್ಟುಗಳನ್ನು ಬಿಚ್ಚಿ ನೋಡದೆ ಹಾಗೇ ಇಳಿಸಿಕೊಂಡರು. ಮೂರು ವರ್ಷದ ಹಿಂದೆ ಇದೇ ಮನುಷ್ಯ 'ಇದು ಒಂದೆಲಗ ಅಲ್ಲ ಕಣಪ್ಪಾ, ದನಕ್ಕೆ ಹಾಕು' ಅಂತ ಇಡೀ ಚೀಲ ವಾಪಸ್ ಕಳಿಸಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಪಾಂಡವಪುರದ ಕಡೆ, ನಾಲೆ ಬಯಲು. ಬದುವಿನ ಮೇಲೆ ತಾನೇ ಹಬ್ಬೋ ಸೊಪ್ಪಿಗೆ ದುಡ್ಡು ಯಾಕೆ ಅಂತ ಎರಡು ಚೀಲ ಬಳ್ಳಿ ಕಿತ್ತು ತಂದು, ತೆಂಗಿನ ಸಾಲಿನ ನಡುವೆ ಎರಡು ಗುಂಟೆಗೆ ನೆಟ್ಟೆ. ಕೂಲಿ, ಗೊಬ್ಬರ ಸೇರಿ ನಾಲ್ಕು ಸಾವಿರ ಹತ್ತಿರ ಆಯ್ತು. ವಾಪಸ್ ಬಂದಿದ್ದು ಅದರ ಮೊದಲ ಕೊಯ್ಲು. ವ್ಯಾಪಾರಿಗೇ ಗೊತ್ತಿಲ್ಲ ಅಂದುಕೊಂಡೆ. ಆಮೇಲೊಂದು ಬೆಳಿಗ್ಗೆ ಮಡಿ ತುಂಬ ಪುಟ್ಟ ಹಳದಿ ಹೂ! ಮುಕ್ಕಾಲು ಪಾಲು ಇಲಿಕಿವಿ, ಒಂದೆಲಗದ ಹಾಗೇ ಕಾಣೋ ಬೇರೆ ಬಳ್ಳಿ. ಕೆಲವರು ಒಂದೆಲಗವನ್ನೇ ಇಲಿಕಿವಿ ಅನ್ನುತ್ತಾರೆ, ಅದು ಬೇರೆ ಗೋಳು. ಮಾವ ಬಿದ್ದು ಬಿದ್ದು ನಕ್ಕರು.

ಈ ಸಲ ದುಡ್ಡು ಕೊಟ್ಟೇ ತರೋಣ ಅಂತ ಒಂದು ನರ್ಸರಿಯಿಂದ 200 ಸಸಿ ತಂದೆ, ಒಂದಕ್ಕೆ 15 ರೂಪಾಯಿ. ಎಲೆ ಗುಂಡಗೆ, ಹೊಳಪು ಹೊಳಪು. ಮನೆಗೆ ಬಂದು ಮಗುಚಿ ನೋಡಿದರೆ ತೊಟ್ಟು ಎಲೆಯ ನಟ್ಟನಡುವೆ ಕೂತಿದೆ, ಕೊಡೆಗೆ ಕೋಲು ಇದ್ದ ಹಾಗೆ. ಅದು ಅಲಂಕಾರದ ಡಾಲರ್ ಗಿಡ. ಒಂದೆಲಗದ ತೊಟ್ಟು ಎಲೆ ಸೀಳಿದ ಕಡೆ, ಅಂಚಿನಲ್ಲಿ ಸೇರುತ್ತದೆ. ಇದು ನಮಗೆಲ್ಲ ಗೊತ್ತಿರೋದೇ, ಆದರೆ ಕೊಳ್ಳುವಾಗ ಮಗುಚಿ ನೋಡಬೇಕಲ್ವಾ?

ಈಗ ನಾನು ಎಲೆಯ ಅಳತೆ ನಂಬೋದೇ ಇಲ್ಲ. ನೆರಳು, ನೀರು ಸಿಕ್ಕರೆ ಒಂದೆಲಗವೇ ಗೇಣುದ್ದ ತೊಟ್ಟಿನ ಮೇಲೆ ದೊಡ್ಡ ಎಲೆ ಬಿಡುತ್ತದೆ, ಬಿಸಿಲಲ್ಲಿ ನಾಣ್ಯದಷ್ಟಕ್ಕೇ ನಿಲ್ಲುತ್ತದೆ. ಬಳ್ಳಿಯನ್ನು ಮೊಳದುದ್ದ ಹರಿಯದೆ ಬಿಡಿಸಿ ಎತ್ತಿ, ಬಲಿತ ಗಿಣ್ಣು ನೋಡುತ್ತೇನೆ. ಒಂದೇ ಗಿಣ್ಣಿನಿಂದ ಎರಡು ಮೂರು ತೊಟ್ಟು ಎದ್ದಿರಬೇಕು, ತೊಟ್ಟಿನ ಬುಡ ಅಗಲವಾಗಿ ಗಿಣ್ಣನ್ನು ತಬ್ಬಿರಬೇಕು. ಇಲಿಕಿವಿಯಲ್ಲಿ ಗಿಣ್ಣಿಗೊಂದೇ ಎಲೆ. ಬೇರು ಅದೂ ಬಿಡುತ್ತದೆ, ಬೇರು ನೋಡಿ ಖುಷಿಪಡಬೇಡಿ. ಒಂದೆಲಗದ ಎಲೆಯ ಅಂಚು ಸೋಡಾ ಬಾಟಲಿ ಮುಚ್ಚಳದ ಹಾಗೆ ಸಣ್ಣ ಗುಂಡು ಹಲ್ಲು. ಉಜ್ಜಿದರೆ ಕ್ಯಾರೆಟ್ ಸೊಪ್ಪಿನಂಥ ಮಂದ ವಾಸನೆ. ಕ್ಯಾರೆಟ್, ಕೊತ್ತಂಬರಿಯ ದಾಯಾದಿ ಇದು.

ಹೀಗೆ ಆರಿಸಿದ ಹನ್ನೊಂದು ಬಳ್ಳಿಯನ್ನು ಕುಂಡಕ್ಕೆ ಹಾಕಿ, ಹೂ ಬರೋವರೆಗೂ ಗದ್ದೆಗೆ ಒಂದನ್ನೂ ಇಳಿಸಲಿಲ್ಲ. 'ಸೊಪ್ಪಿಗೂ ಜಾತಕ ನೋಡ್ತೀರಾ' ಅಂದಳು ಮನೆಯವಳು. ಒಂದೆಲಗದ ಹೂವು ನಸುಗೆಂಪು, ಸಾಸಿವೆಯಷ್ಟು, ನೆಲಕ್ಕಂಟಿದ ಹಾಗೆ ಎಲೆಯ ಅಡಿಯಲ್ಲಿರುತ್ತದೆ. ಮಂಡಿಯೂರಿದರೇ ಕಾಣೋದು. ಹನ್ನೊಂದರಲ್ಲಿ ಒಂದು ಮಾತ್ರ ಕೈಕೊಟ್ಟಿತು. ಬೇಗ ಹೂ ಬಿಡಿಸಲು ಏನು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಊರ ಮೋರಿ ನೀರು ಹರಿಯೋ ಕಡೆಯಿಂದ ಮಾತ್ರ ಬಳ್ಳಿ ತರಬೇಡಿ, ಇದು ಹಸಿಯಾಗೇ ಚಟ್ನಿ, ತಂಬುಳಿಗೆ ಹೋಗೋ ಸೊಪ್ಪು.

ಮಧ್ಯೆ ಪುಡಿ ಮಾಡೋ ಹುಚ್ಚೂ ಹತ್ತಿತ್ತು. ಹತ್ತು ಕೆಜಿ ಸೊಪ್ಪಿಗೆ ಒಂದು ಕೆಜಿ ಚಿಲ್ಲರೆ ಪುಡಿ. ಬಿಸಿಲಲ್ಲಿ ಒಣಗಿಸಿದ್ದು ಕಂದು ತಿರುಗಿತು, ನೆರಳಲ್ಲಿ ಒಣಗಿಸಿದ್ದು ಹಸಿರಾಗೇ ಉಳಿಯಿತು, ಎರಡನ್ನೂ ಯಾರೂ ಕೊಳ್ಳಲಿಲ್ಲ. 'ಬ್ರಾಹ್ಮಿ ಪುಡಿನಾ?' ಅಂತ ಕೇಳೋರೇ ಜಾಸ್ತಿ. ಕೆಲವರಿಗೆ ಒಂದೆಲಗವೇ ಬ್ರಾಹ್ಮಿ, ಇನ್ನು ಕೆಲವರಿಗೆ ನೀರುಬ್ರಾಹ್ಮಿ. ಆಯುರ್ವೇದದವರು ನಮ್ಮದನ್ನು ಮಂಡೂಕಪರ್ಣಿ ಅನ್ನುತ್ತಾರೆ. ನೀರುಬ್ರಾಹ್ಮಿಯದು ಜೋಡಿ ಜೋಡಿ ದಪ್ಪ ಪುಟ್ಟ ಎಲೆ, ತೊಟ್ಟೇ ಇಲ್ಲ, ಬಾಯಿಗಿಟ್ಟರೆ ಕಹಿ.

ಈಗ ವಾರಕ್ಕೆ 150 ಕಟ್ಟು ಹೋಗುತ್ತದೆ, ಕಟ್ಟಿಗೆ ಐದು ರೂಪಾಯಿ. ಬಸ್ ಚಾರ್ಜು ಕಳೆದು ಆರುನೂರು ಕೈಗೆ. ಡಾಲರ್ ಗಿಡ ಎಸೆಯಲಿಲ್ಲ, ಬಾವಿಕಟ್ಟೆ ಸುತ್ತ ಹಬ್ಬಿದೆ. ಯಾರೋ ಮನೆ ಮುಂದೆ ಇಡೋಕೆ ಅಂತ ಕುಂಡಕ್ಕೆ 60ರಂತೆ ಹತ್ತು ಒಯ್ದರು. ಇನ್ನು 2,400 ವಸೂಲಾಗಬೇಕು.