ಪೊಲೀಸ್ ಮೇಲ್ವಿಚಾರಣಾ ಬೋರ್ಡಿನ ಸಭೆಯಲ್ಲಿ ಮನೆಯಿಂದಲೇ ಮಾತಾಡುವುದು ಹೇಗೆ: ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಉದಾಹರಣೆಯೊಂದಿಗೆ

ಬರ್ಕ್ಲಿ ನಗರದಲ್ಲಿ ಪೊಲೀಸರ ಕೆಲಸವನ್ನು ಪರಿಶೀಲಿಸಲು ನಾಗರಿಕರದೇ ಒಂದು ಬೋರ್ಡು ಇದೆ. 1973ರಲ್ಲಿ ಮತದಾರರು ಪೊಲೀಸ್ ರಿವ್ಯೂ ಕಮಿಷನ್ ಹುಟ್ಟುಹಾಕಿದರು. 2020ರ ನವೆಂಬರ್‌ನಲ್ಲಿ ನಗರದ ಮತದಾರರು ಮೆಷರ್ ಐಐ ಎಂಬ, ಮತಕ್ಕೆ ಹಾಕಿದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಅದರಿಂದಾಗಿ 2021ರ ಜುಲೈಯಿಂದ ಪೊಲೀಸ್ ಅಕೌಂಟಬಿಲಿಟಿ ಬೋರ್ಡ್ ಹಳೆಯ ಕಮಿಷನ್ನಿನ ಜಾಗದಲ್ಲಿ ಕೆಲಸ ಮಾಡುತ್ತಿದೆ. ಸಭೆ ಸಾಮಾನ್ಯವಾಗಿ ಬುಧವಾರ ಸಂಜೆ 6:30ಕ್ಕೆ. ಜೂಮ್ ಮೂಲಕವೂ ಸೇರಬಹುದು, ಬರಿಯ ಫೋನಿನಿಂದಲೂ ಸೇರಬಹುದು. ಮಾತಾಡಲು ಪೌರತ್ವ ಬೇಕಿಲ್ಲ, ಬರ್ಕ್ಲಿಯ ವಿಳಾಸವೂ ಬೇಕಿಲ್ಲ. ಮಗಳು ಅಲ್ಲಿ ಓದುತ್ತಿದ್ದಾಳೆಂದು ಮೈಸೂರಿನಲ್ಲಿರುವ ತಂದೆ-ತಾಯಿ ಸೇರಿಕೊಂಡರೂ ಅಡ್ಡಿಯಿಲ್ಲ. ಅಲ್ಲಿ ಸಭೆ ಶುರುವಾದಾಗ ಭಾರತದಲ್ಲಿ ಗುರುವಾರ ಬೆಳಿಗ್ಗೆ 7 ಗಂಟೆ, ಅಮೆರಿಕದ ಚಳಿಗಾಲದ ವೇಳಾಪಟ್ಟಿಯಲ್ಲಿ 8 ಗಂಟೆ.

ಈ ಹಕ್ಕಿಗೆ ಆಧಾರ 1953ರ ಬ್ರೌನ್ ಆಕ್ಟ್. ಸ್ಥಳೀಯ ಆಡಳಿತ ಸಂಸ್ಥೆಗಳ ಸಭೆ ಬಹಿರಂಗವಾಗಿ ನಡೆಯಬೇಕು, ಜನರಿಗೆ ಮಾತಾಡಲು ಅವಕಾಶ ಇರಬೇಕು ಎನ್ನುವ ರಾಜ್ಯದ ಕಾನೂನು ಅದು. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ: ಸದಸ್ಯರೆಲ್ಲ ಸಭಾಂಗಣದಲ್ಲೇ ಕೂತಿರುವ ಇಂಥ ಬೋರ್ಡಿನ ಸಭೆಯಲ್ಲಿ ಜೂಮ್ ಮೂಲಕ ಮಾತಾಡುವುದು ಹಿಂದಿನಿಂದಲೂ ಖಾತ್ರಿಯಾದ ಹಕ್ಕೇನಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತೆರೆದ ಬಾಗಿಲು ಅದು. 2023ರಲ್ಲಿ ಕೆಲವರು ಗುಂಪು ಕಟ್ಟಿಕೊಂಡು ಸಭೆ ಸಭೆಗೂ ಕರೆ ಮಾಡಿ ದ್ವೇಷದ ಮಾತಾಡಿದರು. ಅದರ ನಂತರ ಕ್ಯಾಲಿಫೋರ್ನಿಯಾದ ಹಲವು ನಗರಗಳು ದೂರದಿಂದ ಮಾತಾಡುವ ಸೌಲಭ್ಯವನ್ನೇ ನಿಲ್ಲಿಸಿದವು. ಆದ್ದರಿಂದ ಪ್ರತಿ ಸಲವೂ ಆಯಾ ಸಭೆಯ ಅಜೆಂಡಾದ ಮೊದಲ ಪುಟ ನೋಡಿ. ಹೋದ ತಿಂಗಳ ಲಿಂಕನ್ನು ನಂಬಿ ಕೂರಬೇಡಿ.

ಯಾವ ಪೊಲೀಸರು ಎಂದು ಮೊದಲು ಖಚಿತಪಡಿಸಿಕೊಳ್ಳಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಬರ್ಕ್ಲಿಯಲ್ಲಿ ನಡೆದ ಘಟನೆಗೆಲ್ಲ ಬರ್ಕ್ಲಿ ನಗರದ ಪೊಲೀಸರೇ ಹೊಣೆ ಎಂದುಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಅದರದೇ ಪೊಲೀಸ್ ಇಲಾಖೆ ಇದೆ. ಬಾರ್ಟ್ ರೈಲು ಮತ್ತು ನಿಲ್ದಾಣಗಳಿಗೆ ಬಾರ್ಟ್ ಪೊಲೀಸರಿದ್ದಾರೆ, ಅವರ ಮೇಲೆ ಬೇರೆಯೇ ಒಂದು ನಾಗರಿಕ ಬೋರ್ಡಿದೆ. ಹೆದ್ದಾರಿಯಲ್ಲಿ ರಾಜ್ಯದ ಹೈವೇ ಪ್ಯಾಟ್ರೋಲ್ ಪೊಲೀಸರು, ಕೌಂಟಿ ಜೈಲಿನಲ್ಲಿ ಷೆರೀಫ್. ಪಕ್ಕದ ಓಕ್‌ಲ್ಯಾಂಡಿಗೆ ಅದರದೇ ಪೊಲೀಸ್ ಕಮಿಷನ್ ಇದೆ. ಸ್ಯಾನ್ ಹೋಸೆಯಲ್ಲಿ ದೂರುಗಳನ್ನು ನೋಡುವುದು ಸ್ವತಂತ್ರ ಪೊಲೀಸ್ ಆಡಿಟರ್ ಕಚೇರಿ. ಪೊಲೀಸರು ಕೈಗೆ ಕೊಟ್ಟ ಟಿಕೆಟ್ಟಿನ (ದಂಡದ ಚೀಟಿಯ) ಮೇಲ್ಭಾಗದಲ್ಲಿ ಇಲಾಖೆಯ ಹೆಸರಿರುತ್ತದೆ, ಅಧಿಕಾರಿಯ ತೋಳಿನ ಪಟ್ಟಿಯಲ್ಲೂ ಇರುತ್ತದೆ. ಅದನ್ನು ನೋಡಿಯೇ ಬೋರ್ಡನ್ನು ಆರಿಸಿ. ಇಲ್ಲದಿದ್ದರೆ ನೀವು ಎಷ್ಟು ಚೆನ್ನಾಗಿ ಮಾತಾಡಿದರೂ, ಅಧ್ಯಕ್ಷರು ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನುತ್ತಾರೆ. ಅವರು ಹೇಳುವುದು ಸರಿಯೂ ಆಗಿರುತ್ತದೆ.

ಅಜೆಂಡಾ ಓದುವ ಬಗೆ

ನಿಗದಿತ ಸಭೆಯ ಅಜೆಂಡಾ ಕನಿಷ್ಠ 72 ಗಂಟೆ ಮೊದಲು ಪ್ರಕಟವಾಗಬೇಕು. ಅಂದರೆ ಬುಧವಾರ ಸಂಜೆಯ ಸಭೆಗೆ ಭಾನುವಾರ ಸಂಜೆಯೊಳಗೆ. ವಿಶೇಷ ಸಭೆಯಾದರೆ 24 ಗಂಟೆ ಸಾಕು. ಹಾಗಾಗಿ ಅಂಥ ಸಭೆಗಳು ಜನರ ಗಮನಕ್ಕೆ ಬಾರದೇ ಹೋಗುತ್ತವೆ. ಇಮೇಲ್ ಪಟ್ಟಿಗೆ ಹೆಸರು ಕೊಟ್ಟಿರಿ. ಅಜೆಂಡಾದ ಜೊತೆ ಬರುವ ದಾಖಲೆಗಳ ಕಟ್ಟಿಗೆ ಪ್ಯಾಕೆಟ್ ಎನ್ನುತ್ತಾರೆ. ಒಮ್ಮೊಮ್ಮೆ ನೂರಾರು ಪುಟ ಇರುತ್ತದೆ. ಎಲ್ಲವನ್ನೂ ಓದಬೇಕಿಲ್ಲ. ನಿಮ್ಮ ವಿಷಯದ ಸಂಖ್ಯೆ ಹುಡುಕಿ, ಅದಕ್ಕೆ ಸೇರಿದ ಪುಟಗಳನ್ನು ಮಾತ್ರ ಗಮನವಿಟ್ಟು ಓದಿ.

ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಬೋರ್ಡು ಚರ್ಚಿಸುವಂತಿಲ್ಲ, ಅದರ ಮೇಲೆ ತೀರ್ಮಾನ ತೆಗೆದುಕೊಳ್ಳುವಂತಿಲ್ಲ. ನೀವು ಮಾತಾಡಿ ಮುಗಿಸಿದಾಗ ಸದಸ್ಯರು ಸುಮ್ಮನೆ ಕೂತಿದ್ದರೆ ಅದನ್ನು ಉದಾಸೀನ ಎಂದುಕೊಳ್ಳಬೇಡಿ. ಕಾನೂನು ಅವರಿಗೆ ಚುಟುಕಾಗಿ ಉತ್ತರಿಸಲು ಇಲ್ಲವೇ ಸ್ಪಷ್ಟನೆ ಕೇಳಲು, ಸಿಬ್ಬಂದಿಗೆ ವಿಷಯ ಒಪ್ಪಿಸಲು ಅಥವಾ ಮುಂದಿನ ಅಜೆಂಡಾಕ್ಕೆ ಸೇರಿಸಿ ಎನ್ನಲು ಮಾತ್ರ ಬಿಡುತ್ತದೆ. ಈ ಕೊನೆಯದೇ ನಿಮಗೆ ಬೇಕಾದದ್ದು. ‘ಇದನ್ನು ಮುಂದಿನ ಸಭೆಯ ಅಜೆಂಡಾಕ್ಕೆ ಸೇರಿಸಿ’ ಎಂದು ಬಾಯಿಬಿಟ್ಟು ಕೇಳಿದರೆ, ಸದಸ್ಯರೊಬ್ಬರು ಅದನ್ನು ಎತ್ತಿಕೊಳ್ಳುವುದಕ್ಕೆ ಆಸ್ಪದ ಸಿಗುತ್ತದೆ.

ಮಾತು ಸಿದ್ಧಪಡಿಸುವುದು

ಸಾಮಾನ್ಯವಾಗಿ ಒಬ್ಬರಿಗೆ 3 ನಿಮಿಷದವರೆಗೆ ಕೊಡುತ್ತಾರೆ. ಜನ ಹೆಚ್ಚಿದ್ದರೆ ಅಧ್ಯಕ್ಷರು ಅದನ್ನು 2ಕ್ಕೋ 1ಕ್ಕೋ ಇಳಿಸುತ್ತಾರೆ. ಇಳಿಸುವುದು ಸಭೆ ಶುರುವಾದ ಮೇಲೆ, ಹಾಗಾಗಿ 3 ನಿಮಿಷದ ಒಂದೇ ಬರಹ ಹಿಡಿದು ಬಂದವರು ಪೀಠಿಕೆಯಲ್ಲೇ ಸಮಯ ಕಳೆದುಕೊಳ್ಳುತ್ತಾರೆ. ಮೊದಲು 1 ನಿಮಿಷದ್ದನ್ನು ಬರೆಯಿರಿ. ಅದರಲ್ಲಿ ಕೇಳಬೇಕಾದದ್ದೆಲ್ಲ ಬಂದಿರಲಿ. ಆಮೇಲೆ ಆಧಾರ, ಉದಾಹರಣೆ ಸೇರಿಸಿ 2 ಮತ್ತು 3 ನಿಮಿಷಕ್ಕೆ ಹಿಗ್ಗಿಸಿ. ಮೂರನ್ನೂ ಗಡಿಯಾರ ಎದುರಿಟ್ಟುಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಬೇಗ ಮುಗಿದಂತೆ ತೋರುತ್ತದೆ, ಆ ಲೆಕ್ಕ ಕೈಕೊಡುತ್ತದೆ.

ಕೇಳಿಕೆ ಒಂದೇ ಇರಲಿ, ಮೊದಲ ಎರಡು ವಾಕ್ಯದಲ್ಲೇ ಬರಲಿ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳ ವಾರ್ಷಿಕ ವರದಿ ಚರ್ಚೆಗೆ ಬಂದಿದೆ ಎಂದುಕೊಳ್ಳಿ. ಆಗ ಮಾತು ಹೀಗಿರಬಹುದು: ‘ವಿಷಯ ಸಂಖ್ಯೆ 9ರ ಬಗ್ಗೆ ಮಾತಾಡುತ್ತಿದ್ದೇನೆ. ಹೊರಗಿನ ಇಲಾಖೆಗಳು ಈ ಮಾಹಿತಿಯನ್ನು ಎಷ್ಟು ಸಲ ಹುಡುಕಿದವು ಎಂಬ ಪಟ್ಟಿ ಬರುವವರೆಗೆ ವರದಿಯನ್ನು ಒಪ್ಪಬೇಡಿ ಎಂದು ಕೋರುತ್ತೇನೆ. ಪ್ಯಾಕೆಟ್ಟಿನ ಇಂಥ ಪುಟದಲ್ಲಿ ಒಟ್ಟು ಸಂಖ್ಯೆ ಮಾತ್ರ ಇದೆ, ಯಾರು ಯಾವ ಕಾರಣಕ್ಕೆ ಹುಡುಕಿದರು ಎಂಬುದಿಲ್ಲ.’ ಪುಟದ ಸಂಖ್ಯೆ ಹೇಳಿದ ಕೂಡಲೇ ಸದಸ್ಯರು ಆ ಪುಟ ತೆರೆಯುತ್ತಾರೆ. ‘ಪೊಲೀಸರು ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಅವರು ಮಾಡಬೇಕಾದದ್ದೇನೂ ಉಳಿಯುವುದಿಲ್ಲ. ವಾಹನ ತಡೆದು ವಿಚಾರಿಸುವ ವಿಷಯವಾದರೆ ಅಂಕಿಗಳು ಕೈಗೆಟುಕುವಲ್ಲೇ ಇವೆ. 2015ರ ಎಬಿ 953 ಕಾನೂನಿನ ಪ್ರಕಾರ ಪೊಲೀಸರು ತಡೆದ ಪ್ರತಿಯೊಬ್ಬರ ವಿವರವೂ, ಅವರ ಜನಾಂಗ ಯಾವುದೆಂದು ಅಧಿಕಾರಿಗೆ ಕಂಡಿತು ಎಂಬುದೂ ಸೇರಿ, ರಾಜ್ಯಕ್ಕೆ ವರದಿಯಾಗಬೇಕು.

ಬೋರ್ಡಿನ ಅಧಿಕಾರದ ಎಲ್ಲೆಯೂ ಗೊತ್ತಿರಲಿ. ಅದು ನೀತಿಯ ಬಗ್ಗೆ ಸಲಹೆ ಕೊಡುತ್ತದೆ, ದೂರುಗಳನ್ನು ಪರಿಶೀಲಿಸುತ್ತದೆ, ಶಿಫಾರಸು ಮಾಡುತ್ತದೆ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ.

ಕನ್ನಡದಲ್ಲೇ ಮಾತಾಡಬೇಕಿದ್ದರೆ

ಮಾತಾಡಬಹುದು. ಗವರ್ನ್‌ಮೆಂಟ್ ಕೋಡ್‌ನ 54954.3ನೇ ಸೆಕ್ಷನ್ (ಇದು ಬ್ರೌನ್ ಆಕ್ಟಿನದೇ ಭಾಗ) ಪ್ರಕಾರ, ಮಾತಿಗೆ ಸಮಯದ ಮಿತಿ ಇದ್ದಾಗ ಅನುವಾದಕರ ನೆರವು ಪಡೆಯುವವರಿಗೆ ಕನಿಷ್ಠ ಎರಡು ಪಟ್ಟು ಸಮಯ ಕೊಡಲೇಬೇಕು. 2 ನಿಮಿಷದ ಮಿತಿಯಿದ್ದರೆ ನಿಮಗೆ 4. ನೀವು ಮಾತಾಡುತ್ತಿರುವಾಗಲೇ ಅದರ ಅನುವಾದವನ್ನು ಬೋರ್ಡಿನ ಸದಸ್ಯರು ಕೇಳಿಸಿಕೊಳ್ಳುವಂಥ ಉಪಕರಣವನ್ನು ನಗರದವರು ಬಳಸುತ್ತಿದ್ದರೆ ಮಾತ್ರ ಈ ನಿಯಮ ಅನ್ವಯಿಸದು. ಕ್ಯಾಲಿಫೋರ್ನಿಯಾಕ್ಕೆ ಮಕ್ಕಳ ಮನೆಗೆ ಬಂದ ಎಷ್ಟೋ ಹಿರಿಯರಿಗೆ ಈ ಸಂಗತಿ ಗೊತ್ತೇ ಇಲ್ಲ. ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದಾಗ ಭಾಷೆ ಬಾರದೆ ತೊಂದರೆಪಟ್ಟವರು ಅವರೇ, ಹೇಳಬೇಕಾದವರೂ ಅವರೇ.

ನಗರದವರು ಕನ್ನಡದ ಅನುವಾದಕರನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಾರೆ ಎಂದು ನೆಚ್ಚಿಕೊಳ್ಳಬೇಡಿ. ಮನೆಯವರನ್ನೋ ಗೆಳೆಯರನ್ನೋ ಕೂರಿಸಿಕೊಳ್ಳಿ. ಇಬ್ಬರೂ ಒಂದೇ ಮೈಕಿನ ಮುಂದೆ ಕೂತರೆ ಒಳ್ಳೆಯದು. ಬೇರೆ ಬೇರೆ ಸಾಧನದಿಂದ ಸೇರಿದರೆ ಸಿಬ್ಬಂದಿ ಇಬ್ಬರಿಗೂ ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಗುತ್ತದೆ, ಆ ಗೊಂದಲದಲ್ಲೇ ನಿಮಿಷ ಓಡುತ್ತದೆ. ಸಭೆಗೆ ಒಂದೆರಡು ದಿನ ಮೊದಲು ಬೋರ್ಡಿನ ಕಾರ್ಯದರ್ಶಿಗೆ ಇಮೇಲ್ ಮಾಡಿ, ಅನುವಾದಕರೊಂದಿಗೆ ಮಾತಾಡುತ್ತೇನೆ, ಎರಡು ಪಟ್ಟು ಸಮಯ ಬೇಕು ಎಂದು ಸೆಕ್ಷನ್ನಿನ ಸಂಖ್ಯೆ ಸಮೇತ ತಿಳಿಸಿ. ಸರದಿ ಬಂದಾಗ ಅನುವಾದಕರು ಮೊದಲ ವಾಕ್ಯದಲ್ಲೇ ಅದನ್ನು ನೆನಪಿಸಲಿ. ಒಂದೊಂದೇ ವಾಕ್ಯ ಹೇಳಿ ನಿಲ್ಲಿಸಿ. ಬರೆದದ್ದನ್ನು ಅನುವಾದಕರಿಗೆ ಮೊದಲೇ ಕೊಟ್ಟಿರಿ.

ಅಂಗವೈಕಲ್ಯದ ಕಾರಣ ಯಾವುದೇ ನೆರವು ಬೇಕಿದ್ದರೆ ಬರ್ಕ್ಲಿಯಲ್ಲಿ ಕನಿಷ್ಠ 3 ಕೆಲಸದ ದಿನ ಮುಂಚೆ ಕೇಳಬೇಕು.

ಸಭೆಯ ಸಂಜೆ

ಹಗಲೇ ಜೂಮ್ ಆ್ಯಪನ್ನು ಅಪ್‌ಡೇಟ್ ಮಾಡಿಕೊಳ್ಳಿ. ವೆಬಿನಾರ್ ರೂಪದ ಸಭೆಯಲ್ಲಿ ಆವೃತ್ತಿ ತೀರಾ ಹಳೆಯದಾಗಿದ್ದರೆ ಸಿಬ್ಬಂದಿ ಎಷ್ಟು ಒತ್ತಿದರೂ ನಿಮಗೆ ಮಾತಿನ ಅನುಮತಿ ತಲುಪುವುದಿಲ್ಲ. 10 ನಿಮಿಷ ಮೊದಲೇ ಸೇರಿ. ತೆರೆಯ ಮೇಲೆ ನಿಮ್ಮ ಹೆಸರು ಕಾಣುವುದು ಬೇಡವೆಂದರೆ ‘ರೀನೇಮ್’ ಒತ್ತಿ ಬೇರೇನಾದರೂ ಬರೆಯಿರಿ. ಸಭೆಗೆ ಹಾಜರಾಗಲು ಹೆಸರು ಹೇಳಲೇಬೇಕೆಂದು ಬೋರ್ಡು ಒತ್ತಾಯಿಸುವಂತಿಲ್ಲ, ಜೂಮ್ ತನ್ನ ಸಲುವಾಗಿ ಏನನ್ನಾದರೂ ತುಂಬಿಸಿ ಎಂದೀತು, ಅಷ್ಟೆ.

ನಿಮ್ಮ ವಿಷಯದ ಮೇಲೆ ಸಾರ್ವಜನಿಕರ ಮಾತಿಗೆ ಕರೆದ ಕ್ಷಣವೇ ಕೈ ಎತ್ತಿ. ಕಂಪ್ಯೂಟರಿನಲ್ಲಿ ‘ರೇಸ್ ಹ್ಯಾಂಡ್’ ಗುಂಡಿ, ವಿಂಡೋಸ್‌ನಲ್ಲಿ ಆಲ್ಟ್ ಮತ್ತು ವೈ ಕೀಲಿ, ಮ್ಯಾಕ್‌ನಲ್ಲಿ ಆಪ್ಷನ್ ಮತ್ತು ವೈ. ಉಳಿದವರು ಮಾತಾಡಲಿ, ಆಮೇಲೆ ನೋಡೋಣ ಎಂದು ಕಾಯುತ್ತ ಕೂತರೆ ಅಧ್ಯಕ್ಷರು ಸರದಿ ಮುಚ್ಚಿಬಿಟ್ಟಿರುತ್ತಾರೆ. ಚಾಟ್‌ನಲ್ಲಿ ಬರೆದರೆ ಸಾಕು ಎಂದೂ ನಂಬಬೇಡಿ, ಹೆಚ್ಚಿನ ಸಭೆಗಳಲ್ಲಿ ಅದನ್ನು ಮುಚ್ಚಿಯೇ ಇಡುತ್ತಾರೆ.

ಫೋನಿನಿಂದಾದರೆ ಅಜೆಂಡಾದಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಮೀಟಿಂಗ್ ಐಡಿ ಒತ್ತಿ ಕೊನೆಗೆ ಹ್ಯಾಶ್ ಒತ್ತಿ. ಪಾರ್ಟಿಸಿಪೆಂಟ್ ಐಡಿ ಕೇಳಿದರೆ ಬರೀ ಹ್ಯಾಶ್. ಕೈ ಎತ್ತಲು ಸ್ಟಾರ್ 9. ಸರದಿ ಬಂದಾಗ ಮ್ಯೂಟ್ ತೆಗೆಯಲು ಸ್ಟಾರ್ 6. ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ಮಾತಾಡುವವರನ್ನು ಫೋನ್ ಸಂಖ್ಯೆಯ ಕೊನೆಯ ಅಂಕೆಗಳಿಂದ ಕರೆಯುತ್ತಾರೆ, ಮಗನ ಫೋನಿನಿಂದ ಕರೆ ಮಾಡಿದ್ದರೆ ಅವನ ಸಂಖ್ಯೆ ನೆನಪಿರಲಿ. ಅಮೆರಿಕದೊಳಗಿಂದ ಕರೆ ಮಾಡುವವರು ಮೊದಲು ಸ್ಟಾರ್ 67 ಒತ್ತಿದರೆ ಸಂಖ್ಯೆ ಮರೆಯಾಗುತ್ತದೆ. ಭಾರತದಿಂದ ಸೇರುವವರಿಗೆ ಆ್ಯಪೇ ಲೇಸು, ಅಂತರರಾಷ್ಟ್ರೀಯ ಕರೆಯ ದರ ನಿಮಿಷ ಲೆಕ್ಕದಲ್ಲಿ ಏರುತ್ತದೆ.

ಮಾತು ಕೆಡುವುದು ಬಹುಮಟ್ಟಿಗೆ ಪ್ರತಿಧ್ವನಿಯಿಂದ. ಸಭೆಯ ನೇರ ಪ್ರಸಾರ ಇನ್ನೊಂದು ತೆರೆಯಲ್ಲಿ ಓಡುತ್ತಿದ್ದರೆ ಅದು ಜೂಮ್‌ಗಿಂತ ಹಲವು ಸೆಕೆಂಡು ಹಿಂದಿರುತ್ತದೆ. ನಿಮ್ಮ ಮಾತೇ ತಡವಾಗಿ ಕಿವಿಗೆ ಬಿದ್ದು ನಾಲಿಗೆ ತಡವರಿಸುತ್ತದೆ. ಸರದಿಗೆ ಮುನ್ನ ಅದನ್ನು ಪೂರ್ತಿ ಮುಚ್ಚಿ. ಕಂಪ್ಯೂಟರಿನಲ್ಲಿ ನೋಡುತ್ತ ಫೋನಿನಲ್ಲಿ ಮಾತಾಡುವವರು ಕಂಪ್ಯೂಟರಿನ ಧ್ವನಿ ಆರಿಸಬೇಕು. ಬ್ಲೂಟೂತ್ ಇಯರ್‌ಫೋನ್ ಸರಿಯಾದ ಹೊತ್ತಿಗೇ ಬೇರೆ ಫೋನಿಗೆ ಅಂಟಿಕೊಳ್ಳುವುದುಂಟು, ತಂತಿಯದು ವಾಸಿ. ಅನುಮತಿ ಸಿಕ್ಕಾಗ ತೆರೆಯ ಮೇಲೆ ‘ಅನ್‌ಮ್ಯೂಟ್’ ಎಂಬ ಪುಟ್ಟ ಕಿಟಕಿ ಬರುತ್ತದೆ. ಅದನ್ನು ನೀವೇ ಒತ್ತಬೇಕು, ಸಿಬ್ಬಂದಿ ಒತ್ತಲಾರರು. ಬರೆದದ್ದನ್ನು ಅದೇ ತೆರೆಯಲ್ಲಿ ತೆರೆದಿಟ್ಟಿದ್ದರೆ ಈ ಕಿಟಕಿ ಅದರ ಹಿಂದೆ ಅಡಗುತ್ತದೆ. ಹಾಗಾಗಿ ಕಾಗದದ ಮೇಲೆ ಬರೆದುಕೊಳ್ಳಿ.

ನಡುವೆ ಸಂಪರ್ಕ ಕಡಿದರೆ ಮತ್ತೆ ಸೇರಿ ಕೈ ಎತ್ತಿ, ಸಿಬ್ಬಂದಿಗೆ ಅದೇ ಗಳಿಗೆಯಲ್ಲಿ ಇಮೇಲ್ ಹಾಕಿ. ತಾಂತ್ರಿಕ ತೊಂದರೆ ಸಭೆಯ ಕಡೆಯದೇ ಆಗಿದ್ದರೆ ಸಮಯ ನಮೂದಿಸಿ ಬರೆಯಿರಿ. ಬೋರ್ಡಿನ ಸದಸ್ಯರೊಬ್ಬರು ಬ್ರೌನ್ ಆಕ್ಟಿನ ವಿಶೇಷ ದೂರಸಂಪರ್ಕದ ನಿಯಮದಡಿ ಮನೆಯಿಂದ ಭಾಗವಹಿಸುತ್ತಿದ್ದಾಗ ಸಾರ್ವಜನಿಕರ ಸಂಪರ್ಕ ಕಡಿದರೆ, ಅದು ಸರಿಹೋಗುವವರೆಗೆ ಬೋರ್ಡು ಅಜೆಂಡಾದ ಮೇಲೆ ತೀರ್ಮಾನ ತೆಗೆದುಕೊಳ್ಳುವಂತಿಲ್ಲ.

ದೂರು ಬೇರೆ, ಮಾತು ಬೇರೆ

ಸಭೆಯಲ್ಲಿ ಹೇಳಿದ್ದು ದೂರು ಎಂದು ದಾಖಲಾಗುವುದಿಲ್ಲ. ನಿಮಗೇ ಅನ್ಯಾಯವಾಗಿದ್ದರೆ ದೂರಿನ ಅರ್ಜಿಯನ್ನು ಬೇರೆಯಾಗಿ ಸಲ್ಲಿಸಬೇಕು. ಬರ್ಕ್ಲಿಯಲ್ಲಿ ಘಟನೆ ನಡೆದ 180 ದಿನದೊಳಗೆ. ಸಭೆಯಲ್ಲಿ ಎಲ್ಲವನ್ನೂ ಹೇಳಿಯಾಯಿತು ಎಂದು ಸುಮ್ಮನಿದ್ದು ಗಡುವು ಮೀರಿದರೆ ಆಗುವ ನಷ್ಟ ದೊಡ್ಡದು. ಅದೇ ಘಟನೆಯಲ್ಲಿ ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದ್ದರೆ ಅಥವಾ ವೀಸಾ ಚಿಂತೆ ಇದ್ದರೆ, ಬಾಯಿ ತೆರೆಯುವ ಮೊದಲು ವಕೀಲರನ್ನು ಕೇಳಿ. ಸಭೆ ರೆಕಾರ್ಡ್ ಆಗುತ್ತದೆ, ಆಡಿದ ಮಾತು ಯಾರ ಕೈಗೆ ಬೇಕಾದರೂ ಸಿಗುತ್ತದೆ. ನೀತಿಯನ್ನು, ಇಲಾಖೆಯನ್ನು ಕಟುವಾಗಿ ಟೀಕಿಸಬಹುದು. ಅದನ್ನು ತಡೆಯಲು ಬೋರ್ಡಿಗೆ ಅಧಿಕಾರ ಇಲ್ಲ. ಆದರೆ ತನಿಖೆಯಲ್ಲಿರುವ ದೂರಿನ ಬಗ್ಗೆ ಸದಸ್ಯರಿಂದ ಉತ್ತರ ಬಯಸಬೇಡಿ. ಅಧಿಕಾರಿಗಳ ಸಿಬ್ಬಂದಿ ದಾಖಲೆಗಳನ್ನು ರಾಜ್ಯದ ಕಾನೂನು ಬಹುಮಟ್ಟಿಗೆ ಗೋಪ್ಯವಾಗಿರಿಸಿದೆ, ಅಂಥ ಚರ್ಚೆ ಮುಚ್ಚಿದ ಬಾಗಿಲ ಹಿಂದಿನ ಕ್ಲೋಸ್ಡ್ ಸೆಷನ್ನಿನಲ್ಲಿ ನಡೆಯುತ್ತದೆ. ಆ ಸೆಷನ್ನಿಗೆ ಹೋಗುವ ಮುನ್ನ ಸಾರ್ವಜನಿಕರ ಮಾತು ಕೇಳಲೇಬೇಕು ಎನ್ನುವುದು ನಿಮಗಿರುವ ಅವಕಾಶ.

ಮಾತಾಡಲು ಆಗದವರು ಬರೆದು ಕಳಿಸಬಹುದು. ಪ್ಯಾಕೆಟ್ ಸಿದ್ಧವಾಗುವ ಮೊದಲೇ ತಲುಪಿದರೆ ಸದಸ್ಯರು ಸಭೆಗೆ ಬರುವ ಮುನ್ನ ಓದಿರುತ್ತಾರೆ. ಬರೆದದ್ದು ಸಾರ್ವಜನಿಕ ದಾಖಲೆಯಾಗುತ್ತದೆ, ಇಮೇಲ್ ವಿಳಾಸ ಸಮೇತ. ಮನೆ ವಿಳಾಸ, ಫೋನ್ ಸಂಖ್ಯೆ ಬರೆಯಬೇಡಿ.

ಮುಂದಿನ ಸಭೆಯಲ್ಲಿ ಹಿಂದಿನದರ ನಡಾವಳಿ ಒಪ್ಪಿಗೆಗೆ ಬರುತ್ತದೆ. ನಿಮ್ಮ ಕೇಳಿಕೆಯನ್ನು ಯಾರಾದರೂ ಸದಸ್ಯರು ಎತ್ತಿಕೊಂಡಿದ್ದರೆ ಅದು ಅಲ್ಲಿ ಸರಿಯಾಗಿ ದಾಖಲಾಗಿದೆಯೇ ನೋಡಿ, ಇಲ್ಲವಾದರೆ ತಿದ್ದಿಸಿ. ಕೇಳಿದ ಅಂಕಿ ಅಂಶ ಎರಡು ಸಭೆ ಕಳೆದರೂ ಬರದಿದ್ದರೆ, ಸರ್ಕಾರಿ ದಾಖಲೆ ಕೇಳಿ ಪಡೆಯುವ ರಾಜ್ಯದ ಕಾನೂನಾದ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಅಡಿ ಅರ್ಜಿ ಹಾಕಿ. ದಾಖಲೆ ಕೊಡಬಹುದೋ ಇಲ್ಲವೋ ಎಂದು ನಗರದವರು 10 ದಿನದೊಳಗೆ ತಿಳಿಸಬೇಕು, ವಿಶೇಷ ಕಾರಣವಿದ್ದರೆ ಇನ್ನೂ 14 ದಿನ ತೆಗೆದುಕೊಳ್ಳಬಹುದು. ಆ ಉತ್ತರ ಕೈಗೆ ಬಂದ ಮೇಲಿನ ಸಭೆಗೆ ಮತ್ತೆ ಕೈ ಎತ್ತಿ.