ದೊಡ್ಡ ಅರ್ಜಿ ಬಿದ್ದುಹೋಯಿತು, ಚಿಕ್ಕದು ನಿಂತಿತು: ಮಧ್ಯಂತರ ಆದೇಶದ ನನ್ನ ಅನುಭವ

ಒಂದು ಐ.ಎ. (ಕೇಸಿನ ನಡುವೆ ಹಾಕುವ ಮಧ್ಯಂತರ ಅರ್ಜಿ) ವಜಾ ಆದ ಮೇಲೆ ಅದೇ ಕೋರ್ಟಿನಲ್ಲಿ ಇನ್ನೊಂದು ಹಾಕಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ, ವಕೀಲರೇ ಹೇಳಿದ್ದರು. ಈ ಸಲದ ದಸರಾ ರಜೆಯಲ್ಲಿ, ಗಂಡನ ಬಳಿ ಇರುವ ನನ್ನ ಮಗ ಮೈಸೂರಿನಲ್ಲಿ ನನ್ನ ಜೊತೆಗಿದ್ದ, ಆ ಎರಡನೇ ಐ.ಎ. ಮೇಲೆ ಸಿಕ್ಕ ಆದೇಶದಿಂದ. ಎಂ.ಸಿ. (ವೈವಾಹಿಕ ಪ್ರಕರಣ) ಅಂದರೇನು, ಆಕ್ಷೇಪಣೆಗೆ ಎಷ್ಟು ವಾಯಿದೆ ಕೇಳುತ್ತಾರೆ ಎಂದು ಬಲ್ಲವರಿಗಾಗಿ ಇದನ್ನು ಬರೆದಿದ್ದೇನೆ.

ಬೇಸಿಗೆ ರಜೆಗೆ ಹಾಸನದ ಅಜ್ಜಿ ಮನೆಗೆ ಹೋದ ಮಗನನ್ನು ಗಂಡನ ಮನೆಯವರು ಜೂನ್‌ನಲ್ಲಿ ವಾಪಸ್ ಕಳಿಸಲಿಲ್ಲ, ಅಲ್ಲೇ ಶಾಲೆಗೆ ಸೇರಿಸಿಬಿಟ್ಟರು. ಅವನಿಗೆ ಆಗ ಏಳು ವರ್ಷ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅನ್ನುವ 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ ಸೆಕ್ಷನ್ 6ರ ಆಸರೆ ನನಗಿರಲಿಲ್ಲ.

ಮೊದಲು ಎಲ್ಲರೂ ತೋರಿಸಿದ ದಾರಿ ಹೇಬಿಯಸ್ ಕಾರ್ಪಸ್, ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ಹಾಜರುಪಡಿಸಿ ಎಂದು ಹೈಕೋರ್ಟಿಗೆ ಹಾಕುವ ಅರ್ಜಿ. ಒಂದು ವಾರದಲ್ಲಿ ಮಗು ಕೈಗೆ ಬರುತ್ತದೆ ಎಂದರು. ಮಗು ತಂದೆಯ ಬಳಿ ಇದೆ, ಶಾಲೆಗೂ ಹೋಗುತ್ತಿದೆ, ಇದು ಅಕ್ರಮ ಬಂಧನ ಹೇಗಾಗುತ್ತದೆ ಎಂಬ ಪ್ರಶ್ನೆಗೇ ಅರ್ಜಿ ಮುಗಿಯಿತು, ಫ್ಯಾಮಿಲಿ ಕೋರ್ಟಿಗೆ ಹೋಗಿ ಎಂದಾಯಿತು. ಕಾನೂನಿನ ಹಕ್ಕಿಲ್ಲದವರು ಮಗುವನ್ನು ಇಟ್ಟುಕೊಂಡಾಗ ಮಾತ್ರ ಇದು ನಡೆಯುತ್ತದೆ ಎಂಬ 2019ರ ತೇಜಸ್ವಿನಿ ಗೌಡ್ ತೀರ್ಪನ್ನು ಸುಪ್ರೀಂ ಕೋರ್ಟ್ ಬರೆದಿಟ್ಟಿರುವಾಗ ಅದು ಹಾಗೇ ಆಗಬೇಕಿತ್ತು. ವಕೀಲರ ಫೀಸು, ಬೆಂಗಳೂರಿನ ಓಡಾಟ, ಪೇಪರ್ ಬುಕ್ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು ಹೋಯಿತು. ಮಗುವನ್ನು ಹಕ್ಕಿಲ್ಲದವರು ಇಟ್ಟುಕೊಂಡಿದ್ದರೆ ಇಲ್ಲವೇ ನಿಜಕ್ಕೂ ಬಚ್ಚಿಟ್ಟಿದ್ದರೆ ಮಾತ್ರ ಆ ಬಾಗಿಲು ತಟ್ಟಿ.

ಆಮೇಲೆ ಊರು ಯಾವುದೆಂಬ ಲೆಕ್ಕ. ಜಿ ಅಂಡ್ ಡಬ್ಲ್ಯು (ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಅರ್ಜಿ) ಹಾಕಿದರೆ ಸೆಕ್ಷನ್ 9ರ ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರುವ ಕಡೆ, ಅಂದರೆ ಹಾಸನ ಎಂದು ಆ ಕಡೆಯವರು ಹಿಡಿದು ಕೂರುತ್ತಾರೆ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 19ರಲ್ಲಿ 2003ರಿಂದ ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಹಾಗೆ ಮೈಸೂರಿನಲ್ಲಿ ಎಂ.ಸಿ. ಹಾಕಿ, ಅದರೊಳಗೆ ಸೆಕ್ಷನ್ 26ರ ಕೆಳಗೆ ಮಧ್ಯಂತರ ಕಸ್ಟಡಿ ಕೇಳಿದೆವು. ಡಿ.ವಿ. (ಕೌಟುಂಬಿಕ ಹಿಂಸೆ) ಕಾಯ್ದೆಯ ಸೆಕ್ಷನ್ 21ರಲ್ಲೂ ತಾತ್ಕಾಲಿಕ ಕಸ್ಟಡಿ ಸಿಗುತ್ತದೆ, ಅದನ್ನೂ ಹಾಕಿ ಎಂದರು. ನನ್ನ ಸಂಸಾರದಲ್ಲಿ ಹಿಂಸೆ ಇರಲಿಲ್ಲ. ಇಲ್ಲದ್ದನ್ನು ಪ್ರಮಾಣ ಮಾಡಿ ಬರೆಯಲು ನಾನು ಒಪ್ಪಲಿಲ್ಲ.

ಆ ಮೊದಲ ಐ.ಎ. ದೊಡ್ಡದು, ಇಡೀ ಕಸ್ಟಡಿ ಕೊಡಿ ಎಂದು. ಅವರ ಆಕ್ಷೇಪಣೆ ಮೂವತ್ತು ಪುಟದ ಹತ್ತಿರ ಬಂತು. ನನ್ನ ಕೆಲಸದ ವೇಳೆ, ನನ್ನ ತಾಯಿಯ ಕಾಯಿಲೆ, ಮದುವೆಯ ಖರ್ಚು, ಏನು ಬೇಕಾದರೂ ಅದರಲ್ಲಿತ್ತು. ಮಧ್ಯಸ್ಥಿಕೆಗೆ ಹೋಗಿ ಬಂತು. ಅವರು ಟೈಮ್ ಕೇಳುತ್ತಾ ಹೋದರು, ತಿಂಗಳುಗಳು ಸರಿದವು. ಶೈಕ್ಷಣಿಕ ವರ್ಷದ ನಡುವೆ ಮಗುವನ್ನು ಕದಲಿಸುವುದು ಸರಿಯಲ್ಲ ಎಂದು ಕೊನೆಗೆ ವಜಾ. ಇಪ್ಪತ್ತೈದು ಸಾವಿರ ಅಲ್ಲಿ ಹೋಯಿತು. ಹಣಕ್ಕಿಂತ ಹೆಚ್ಚು ಕಾಡಿದ್ದು, ಅಷ್ಟು ದಿನ ಮಗನ ದನಿಯನ್ನೂ ಕೇಳದೆ ಇದ್ದದ್ದು.

ವಜಾ ಆದೇಶವನ್ನು ಮತ್ತೆ ಮತ್ತೆ ಓದಿದೆ. ಕಸ್ಟಡಿ ಕೊಡುವುದಿಲ್ಲ ಎಂದಿತ್ತು, ಅಮ್ಮನನ್ನು ನೋಡಬಾರದು ಎಂದು ಎಲ್ಲೂ ಇರಲಿಲ್ಲ. ಸೆಕ್ಷನ್ 26 ಕಾಲಕಾಲಕ್ಕೆ ಆದೇಶ ಮಾಡಬಹುದು ಎಂದೇ ಹೇಳುತ್ತದೆ. ಹಾಗಿದ್ದ ಮೇಲೆ ನಿರಾಕರಿಸಲು ಕಾರಣವೇ ಸಿಗದಷ್ಟು ಚಿಕ್ಕದನ್ನು, ಆದರೆ ಗಂಟೆ-ನಿಮಿಷ ಸಮೇತ ಕೇಳೋಣ ಎಂದು ನಿರ್ಧರಿಸಿದೆ. ನನ್ನ ವಕೀಲರಿಗೆ ಇದು ಹಿಡಿಸಲಿಲ್ಲ. ಹತ್ತು ಕೇಳಿದರೆ ಎರಡು ಕೊಡುತ್ತಾರೆ, ಎರಡು ಕೇಳಿದರೆ ಅದೂ ಇಲ್ಲ ಎಂಬುದು ಅವರ ವಾದ. ನಾನು ಬಿಡಲಿಲ್ಲ.

ಅರ್ಜಿಗೆ ಒಂದು ಪುಟದ ವೇಳಾಪಟ್ಟಿ ಲಗತ್ತಿಸಿದೆ. ಬುಧವಾರ, ಶನಿವಾರ ಸಂಜೆ 7ಕ್ಕೆ ಇಪ್ಪತ್ತು ನಿಮಿಷ ವಿಡಿಯೊ ಕಾಲ್, ಯಾವ ನಂಬರಿಗೆ ಎಂಬುದೂ ಸೇರಿ. ಎರಡನೇ, ನಾಲ್ಕನೇ ಭಾನುವಾರ ಹಾಸನದಲ್ಲೇ ಬೆಳಿಗ್ಗೆ 10ರಿಂದ 5ರವರೆಗೆ ಭೇಟಿ, ಪ್ರಯಾಣ ನನ್ನದು, ಖರ್ಚು ನನ್ನದು. ಮಗುವಿಗೆ ಬಸ್ಸಿನ ಆಯಾಸ ಎಂಬ ಆಕ್ಷೇಪಣೆಗೆ ಅಲ್ಲೇ ಜಾಗ ಇಲ್ಲದಂತಾಯಿತು. ಮಗುವನ್ನು ಕೊಡುವಾಗ, ವಾಪಸ್ ಪಡೆಯುವಾಗ ಅವನ ತಂದೆ ಇರಬೇಕಿಲ್ಲ, ತಾತ ಬಂದರೆ ಸಾಕು. ದಸರಾ ರಜೆಯ ಮೊದಲರ್ಧ ಮೈಸೂರಿನಲ್ಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು: ಒಂದು ಭೇಟಿ ತಪ್ಪಿದರೆ ಮುಂದಿನ ಭಾನುವಾರ ತಾನಾಗಿಯೇ ಅದರ ಬದಲಿಗೆ ಬರಬೇಕು, ಅದಕ್ಕಾಗಿ ಹೊಸ ಅರ್ಜಿ ಬೇಡ. ಈ ಸಾಲು ಇಲ್ಲದ ಭೇಟಿ ಆದೇಶ ಜ್ವರ, ಪರೀಕ್ಷೆ, ನೆಂಟರ ಮದುವೆಯಲ್ಲೇ ಕರಗಿಹೋಗುತ್ತದೆ.

ಅಫಿಡವಿಟ್ ಎರಡೇ ಪುಟ, ಕನ್ನಡದಲ್ಲಿ, ನಾನೇ ಬರೆದದ್ದು. ಗಂಡನ ಬಗ್ಗೆ ಒಂದೂ ಕೆಟ್ಟ ಮಾತಿಲ್ಲ. ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಕಸ್ಟಡಿ ಸಿಗದ ತಂದೆ ಅಥವಾ ತಾಯಿಗೆ ಮಗುವಿನೊಡನೆ ದಿನಾ ಐದು ಹತ್ತು ನಿಮಿಷವಾದರೂ ಮಾತಾಡುವ ಅವಕಾಶ ಇರಬೇಕು ಎಂದಿದೆ. ತೀರ್ಪು ಅಂತ ತೋರಿಸಿದ್ದು ಅದೊಂದೇ. ಮೂರನೇ ಪ್ಯಾರಾದಲ್ಲಿ ಏನು ಬರೆದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಕೇಸ್ ಇನ್ನೂ ನಡೆಯುತ್ತಿದೆ. ಎಮರ್ಜೆಂಟ್ (ತುರ್ತು) ನೋಟಿಸ್ ಅಷ್ಟು ಬೇಗ ಜಾರಿಯಾದದ್ದು ಹೇಗೆ ಎಂಬುದೂ ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. ಕಾಲ್ ರೆಕಾರ್ಡಿಂಗ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ, 2023ರ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟು, ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಕೇತ), ಪರಿಣತರ ಸಹಿ ಎಲ್ಲ ಮಾಡಿಸಿದೆ. ಏಳೆಂಟು ಸಾವಿರ ಆಯಿತು. ಅದನ್ನು ತೆರೆಯುವ ಸಂದರ್ಭವೇ ಬರಲಿಲ್ಲ. ಉತ್ತರ ಸಿಗದ ಕರೆಗಳ ಒಂದು ಪುಟದ ಪ್ರಿಂಟ್ ಕೆಲಸ ಮಾಡಿತು. ಫ್ಯಾಮಿಲಿ ಕೋರ್ಟ್ ಕಾಯ್ದೆಯ ಸೆಕ್ಷನ್ 14 ಇಂಥ ಕಾಗದಗಳಿಗೆ ದಾರಿ ಬಿಟ್ಟುಕೊಡುತ್ತದೆ. ಇನ್ನೊಂದು: ಜೀವನಾಂಶದ ಅರ್ಜಿಯನ್ನು ಅದೇ ದಿನ ಕೇಳಿಸಲು ಬಿಡಲಿಲ್ಲ. ದುಡ್ಡಿನ ಮಾತು ಶುರುವಾದರೆ ಮಗುವಿನ ಮಾತು ಹಿಂದೆ ಬೀಳುತ್ತದೆ.

ಈ ಸಲ ಆಕ್ಷೇಪಣೆ ನಾಲ್ಕು ಪುಟಕ್ಕಿಂತ ಬೆಳೆಯಲಿಲ್ಲ. ಜಡ್ಜ್ ಮಗನನ್ನು ಚೇಂಬರಿಗೆ ಕರೆಸಿ ಮಾತಾಡಿಸಿದರು. ಆದೇಶದಲ್ಲಿ ನನ್ನ ವೇಳಾಪಟ್ಟಿ ಹೆಚ್ಚುಕಮ್ಮಿ ಇದ್ದ ಹಾಗೇ ಬಂತು, ವಿಡಿಯೊ ಕಾಲ್ ಮಾತ್ರ ಹದಿನೈದು ನಿಮಿಷಕ್ಕೆ ಇಳಿಯಿತು. ಬೇಡ ಎಂದಿದ್ದ ವಕೀಲರೇ ಈಗ ಬೇರೆ ಕಕ್ಷಿದಾರರಿಗೆಂದು ಆ ಪುಟದ ನಕಲು ಕೇಳುತ್ತಾರೆ, ಕೊಡುತ್ತೇನೆ. ಮಧ್ಯಂತರ ಆದೇಶದ ಮೇಲೆ ಫ್ಯಾಮಿಲಿ ಕೋರ್ಟ್ ಕಾಯ್ದೆಯ ಸೆಕ್ಷನ್ 19ರಲ್ಲಿ ಅಪೀಲು ಇಲ್ಲ, ಹೈಕೋರ್ಟಿನಲ್ಲಿ ರಿಟ್ ಹಾಕುತ್ತೇವೆ ಎಂದು ಆ ಕಡೆಯವರು ಹೆದರಿಸಿದರು. ನನ್ನನ್ನು ಕೇಳದೆ ಆದೇಶ ಮಾಡಬೇಡಿ ಎಂಬ ಕೇವಿಯಟ್ ಹಾಕಿಸಿಟ್ಟೆ, ಅದು 90 ದಿನ ನಡೆಯುತ್ತದೆ. ಯಾರೂ ಹೋಗಲಿಲ್ಲ. ಹದಿನೈದು ದಿನಕ್ಕೊಂದು ಭಾನುವಾರದ ವಿರುದ್ಧ ಹೈಕೋರ್ಟಿನಲ್ಲಿ ನಿಂತು ಏನೆಂದು ವಾದಿಸುವುದು?

ಎರಡನೇ ಐ.ಎ.ಗೆ ಆದದ್ದು ಹನ್ನೆರಡು ಸಾವಿರದಷ್ಟು. ಒಟ್ಟು ಲೆಕ್ಕ ಹಾಕಿದರೆ ಒಂದು ಲಕ್ಷ ದಾಟಿದೆ, ಅದರಲ್ಲಿ ಫಲ ಕೊಟ್ಟದ್ದು ಈ ಹನ್ನೆರಡೇ.

ಈಗ ಪ್ರತಿ ಭೇಟಿ ಆದ ಮೇಲೆ ಮುಂದಿನ ವಾಯಿದೆಗೆ ನಾಲ್ಕು ಸಾಲಿನ ಮೆಮೊ ಹಾಕುತ್ತೇನೆ: ಎಷ್ಟಕ್ಕೆ ಬಂದ, ಎಷ್ಟಕ್ಕೆ ಬಿಟ್ಟೆ, ಊಟ ಏನು, ಹೋಮ್‌ವರ್ಕ್ ಆಯಿತೇ. ಬೇಸಿಗೆ ರಜೆಯ ಅರ್ಜಿಗೆ ಇದೇ ಆಧಾರ. ಅದನ್ನು ಫೆಬ್ರುವರಿಯಲ್ಲೇ ಹಾಕಬೇಕು. ಏಪ್ರಿಲ್‌ವರೆಗೆ ಕಾದರೆ ಆಕ್ಷೇಪಣೆಗೆ ಟೈಮ್ ಕೊಡುವಷ್ಟರಲ್ಲಿ ಶಾಲೆಯ ರಜೆ ಅರ್ಧ ಮುಗಿದಿರುತ್ತದೆ, ಮೇನಲ್ಲಿ ಕೋರ್ಟಿಗೂ ರಜೆ. ಈ ಸಲ ಮೂರು ವಾರ ಕೇಳುತ್ತೇನೆ, ನಡುವೆ ಒಂದು ಭಾನುವಾರ ಅವನ ತಂದೆ ಮೈಸೂರಿಗೆ ಬಂದು ನೋಡಿಹೋಗುವಂತೆ ನಾನೇ ಬರೆದು ಕೊಡುತ್ತೇನೆ.