ಗ್ರನಾದದಲ್ಲಿ ಒಂದು ಸೆಮಿಸ್ಟರ್: ಊರು ಬಿಡದೆ ಇದ್ದಿದ್ದಕ್ಕೆ ಸಿಕ್ಕ ಸ್ಪ್ಯಾನಿಷ್

ಅಮೆರಿಕದ ಕಾಲೇಜುಗಳಲ್ಲಿ ‘ಸ್ಟಡಿ ಅಬ್ರಾಡ್’ ಅಂದರೆ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಿ, ಅಲ್ಲಿನ ಕ್ರೆಡಿಟ್ ತಂದು, ಇಲ್ಲಿ ಡಿಗ್ರಿ ಮುಗಿಸುವುದು. ನಾನು ಏಳನೇ ಕ್ಲಾಸ್‌ವರೆಗೆ ಮೈಸೂರಿನಲ್ಲಿ ಓದಿದವಳು. ಆಮೇಲೆ ಅಪ್ಪನ ಕೆಲಸಕ್ಕಾಗಿ ನ್ಯೂಜೆರ್ಸಿಗೆ ಬಂದೆವು. ಕಾಲೇಜಿನಲ್ಲಿ ಸ್ಪ್ಯಾನಿಷ್ ತಗೊಂಡೆ, ಮೂರನೇ ವರ್ಷ ದಕ್ಷಿಣ ಸ್ಪೇನಿನ ಗ್ರನಾದಕ್ಕೆ ಹೋದೆ. ಈಗ ನಮ್ಮ ಕನ್ನಡ ಕೂಟದ ಹುಡುಗ ಹುಡುಗಿಯರು, “ಅಕ್ಕಾ, ನಾವೂ ಹೋಗ್ಬೇಕು ಅಂತಿದ್ದೀವಿ, ದಿನಾ ಹೇಗಿರುತ್ತೆ?” ಅಂತ ಕೇಳುತ್ತಾರೆ. ಅವರ ಅಮ್ಮಂದಿರು ಕೇಳುವುದು ಒಂದೇ: “ಊಟಕ್ಕೇನು ಮಾಡ್ಕೊಂಡೆ?” ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದು ಮಾತು. ಹೋದ ಊರಿನಲ್ಲೇ ಇರಿ. ಶನಿವಾರ, ಭಾನುವಾರವೂ ಇರಿ. ನಮ್ಮ ಜೊತೆ ಬಂದಿದ್ದ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಶುಕ್ರವಾರ ಕ್ಲಾಸ್ ಇಲ್ಲದ ಹಾಗೆ ಟೈಮ್‌ಟೇಬಲ್ ಹೊಂದಿಸಿಕೊಂಡಿದ್ದರು. ಗುರುವಾರ ಸಂಜೆ ಮಾಲಗಾ ಏರ್‌ಪೋರ್ಟಿಗೆ ಬಸ್ಸು, ಅಲ್ಲಿಂದ ಅಗ್ಗದ ವಿಮಾನ. ಒಂದು ವಾರ ಪ್ಯಾರಿಸ್, ಇನ್ನೊಂದು ವಾರ ರೋಮ್. ಹೋಗುವಾಗಲೂ ಇಂಗ್ಲಿಷ್, ಬರುವಾಗಲೂ ಇಂಗ್ಲಿಷ್. ಸೋಮವಾರ ಕ್ಲಾಸಿಗೆ ಬಂದರೆ ನಿದ್ದೆಗಣ್ಣು. ಯುರೋಪ್ ನೋಡುವುದು ಬೇಡ ಅನ್ನುತ್ತಿಲ್ಲ. ಸೆಮಿಸ್ಟರ್ ಮುಗಿದ ಮೇಲೆ ನೋಡಿ, ಯಾರು ಬೇಡ ಅಂತಾರೆ? ಆದರೆ ಸ್ಪೇನಿನ ಮನೆಗಳು ನಿಜವಾಗಿ ಬಾಗಿಲು ತೆರೆಯುವುದೇ ಭಾನುವಾರ. ಆ ದಿನ ನೀವು ಊರಲ್ಲಿಲ್ಲದಿದ್ದರೆ ಆ ಊರು ನಿಮಗೆ ಸಿಗುವುದಿಲ್ಲ.

ಕಾಗದ ಪತ್ರದ ಬಗ್ಗೆ ಸ್ವಲ್ಪ. ಅಮೆರಿಕನ್ ಪಾಸ್‌ಪೋರ್ಟ್ ಇದ್ದರೆ 90 ದಿನ ವೀಸಾ ಇಲ್ಲದೆ ಇರಬಹುದು. ಸೆಮಿಸ್ಟರ್ ಅದಕ್ಕಿಂತ ಉದ್ದ, ಹಾಗಾಗಿ ವಿದ್ಯಾರ್ಥಿ ವೀಸಾ ಬೇಕೇ ಬೇಕು. ಪ್ರವೇಶ ಪತ್ರ, ಬ್ಯಾಂಕ್ ಲೆಕ್ಕ, ಆರೋಗ್ಯ ವಿಮೆ ಎಲ್ಲ ಜೋಡಿಸಿಟ್ಟುಕೊಳ್ಳಿ. 180 ದಿನ ಮೀರಿ ಇರುವವರಿಗೆ ಎಫ್‌ಬಿಐ ಪೊಲೀಸ್ ದಾಖಲೆ, ಡಾಕ್ಟರ್ ಸರ್ಟಿಫಿಕೇಟ್ ಕೂಡ ಸೇರುತ್ತವೆ. ಅಂಥವರು ಅಲ್ಲಿಗೆ ಹೋದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೂ ಅರ್ಜಿ ಹಾಕಬೇಕು. ನಾನು ಒಂದೇ ಸೆಮಿಸ್ಟರ್ ಇದ್ದವಳು, ಆ ಚೀಟಿಯ ಓಡಾಟ ನನಗೆ ಬರಲಿಲ್ಲ.

ಇರುವುದಕ್ಕೆ ಎರಡು ದಾರಿ ಇರುತ್ತವೆ. ಬೇರೆ ವಿದ್ಯಾರ್ಥಿಗಳ ಜೊತೆ ಫ್ಲಾಟ್, ಇಲ್ಲವೇ ಅಲ್ಲಿಯವರ ಮನೆ. ನಾನು ಯೋಚನೆ ಮಾಡದೆ ಮನೆಯನ್ನೇ ಆರಿಸಿಕೊಂಡೆ. ಮನೆಯೊಡತಿಯನ್ನು ನಾವೆಲ್ಲ ‘ಸೆನ್ಯೋರಾ’ ಅಂತಲೇ ಕರೆಯುತ್ತಿದ್ದೆವು. ನನಗೆ ಸಿಕ್ಕವರು ಎಪ್ಪತ್ತು ದಾಟಿದ ಅಜ್ಜಿ. ಗಂಡ ತೀರಿಕೊಂಡಿದ್ದರು, ಮಕ್ಕಳು ಬೇರೆ ಮನೆ ಮಾಡಿದ್ದರು. ನನ್ನನ್ನು ‘ಇಹಾ’ ಅನ್ನುತ್ತಿದ್ದರು, ಮಗಳೇ ಅಂತ.

ನಾನು ಹೋಗಿದ್ದು ಫೆಬ್ರವರಿಗೆ ಮುಂಚೆ. ದಕ್ಷಿಣ ಸ್ಪೇನ್ ಅಂದರೆ ಸೆಖೆ ಅಂದುಕೊಳ್ಳಬೇಡಿ. ಗ್ರನಾದ ಸುಮಾರು 700 ಮೀಟರ್ ಎತ್ತರದಲ್ಲಿದೆ, ನೆತ್ತಿಯ ಮೇಲೇ ಸಿಯೆರಾ ನೆವಾದ ಬೆಟ್ಟಸಾಲಿನ ಹಿಮ. ಹಳೆಯ ಮನೆಗಳಲ್ಲಿ ನ್ಯೂಜೆರ್ಸಿಯ ಹಾಗೆ ಮನೆಪೂರ್ತಿ ಹೀಟರ್ ಇರುವುದಿಲ್ಲ. ಅದರ ಬದಲು ‘ಮೇಸಾ ಕಮಿಯ್ಯಾ’ ಅಂತ ಒಂದು ದುಂಡು ಮೇಜು. ಮೇಲಿಂದ ನೆಲದವರೆಗೆ ದಪ್ಪ ಬಟ್ಟೆ ಇಳಿಬಿಟ್ಟಿರುತ್ತಾರೆ, ಒಳಗಡೆ ಕಾಲ ಹತ್ತಿರ ಒಂದು ಹೀಟರ್. ಹಿಂದೆ ಅಲ್ಲಿ ಕೆಂಡದ ತಟ್ಟೆ ಇಡುತ್ತಿದ್ದರಂತೆ, ಈಗ ಕರೆಂಟಿನದು. ಬಟ್ಟೆ ಎತ್ತಿ ಕಾಲು ಒಳಗಿಟ್ಟು, ತೊಡೆಯ ಮೇಲೆ ಹೊದ್ದು ಕೂತುಬಿಟ್ಟರೆ ಏಳುವ ಮನಸ್ಸೇ ಬರುವುದಿಲ್ಲ. ಇಡೀ ಮನೆಯಲ್ಲಿ ಬೆಚ್ಚಗಿರುವುದು ಅದೊಂದೇ ಜಾಗ. ಹಾಗಾಗಿ ಓದುವುದು, ಊಟ, ಟಿವಿ, ಹರಟೆ ಎಲ್ಲ ಅಲ್ಲೇ. ಕೋಣೆ ಬೆಚ್ಚಗಿದ್ದಿದ್ದರೆ ನಾನು ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಿದ್ದೆನೋ ಏನೋ. ನನ್ನ ಸ್ಪ್ಯಾನಿಷ್ ಕುದುರಿದ್ದು ಆ ಮೇಜಿನ ಸುತ್ತ.

ಮನೆಯ ಕಟ್ಟಳೆಗಳು ಬೇಗ ಗೊತ್ತಾಗುತ್ತವೆ. ನೀರು, ಕರೆಂಟು ಎರಡೂ ದುಬಾರಿ. ಸ್ನಾನ ಚುರುಕಾಗಿ ಮುಗಿಸಬೇಕು, ಕೋಣೆಯಿಂದ ಹೊರಬರುವಾಗ ಲೈಟ್ ಆರಿಸಬೇಕು. ಬಟ್ಟೆ ಒಗೆತ ವಾರಕ್ಕೊಮ್ಮೆ, ಒಣಗಿಸುವುದು ಹಗ್ಗದ ಮೇಲೆ. ನಮ್ಮ ಮನೆಯಲ್ಲಿ ಬಿಸಿನೀರು ಬರುತ್ತಿದ್ದುದು ಗ್ಯಾಸ್ ಸಿಲಿಂಡರಿನಿಂದ. ಕಿತ್ತಳೆ ಬಣ್ಣದ ಸಿಲಿಂಡರು, ಒಳಗೆ 12.5 ಕೆಜಿ ಬ್ಯೂಟೇನ್. ಸಿಲಿಂಡರಿನವನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದ. ಸ್ನಾನದ ಮಧ್ಯೆ ಗ್ಯಾಸ್ ಮುಗಿದರೆ ಯಾರಾದರೂ ಅಡುಗೆಮನೆಗೆ ಓಡಿ ಬದಲಿಸಬೇಕು. ಮೈಸೂರಿನ ಮನೆಯಲ್ಲಿ ಅಜ್ಜಿ ರೆಗ್ಯುಲೇಟರ್ ತೆಗೆದು ಹಾಕುವುದನ್ನು ನೋಡಿ ಬೆಳೆದವಳಿಗೆ ಅದೇನು ದೊಡ್ಡ ಕೆಲಸ? ನಾನೇ ಬದಲಿಸಿದೆ. ಸೆನ್ಯೋರಾ ಆ ಕಥೆಯನ್ನು ಎದುರು ಮನೆಯವರಿಗೆ, ಮೇಲಿನ ಮನೆಯವರಿಗೆ ಹೇಳಿಕೊಂಡು ಬಂದರು. ಅಮೆರಿಕದಿಂದ ಬಂದ ಹುಡುಗಿಗೆ ಸಿಲಿಂಡರ್ ಹಾಕಲು ಬರುತ್ತದೆ ಅಂತ! ಅವತ್ತಿನಿಂದ ಆ ಮನೆಯಲ್ಲಿ ನನಗೆ ಬೇರೆಯೇ ಮರ್ಯಾದೆ.

ಬರಿಗಾಲಿನ ವಿಷಯದಲ್ಲಿ ಮಾತ್ರ ಅವರು ಒಪ್ಪಲೇ ಇಲ್ಲ. ನಮಗೆ ಮನೆಯೊಳಗೆ ಬರಿಗಾಲಲ್ಲಿ ಓಡಾಡಿಯೇ ಅಭ್ಯಾಸ. ಅವರಿಗೆ ಅದನ್ನು ನೋಡಿದರೆ ಗಾಬರಿ, ಶೀತ ಆಗುತ್ತೆ ಅಂತ. “ಚಪ್ಪಲಿ ಎಲ್ಲಿ, ಮಗಳೇ?” ದಿನಾ ಇದೇ ಪ್ರಶ್ನೆ. ಒಂದು ಜೊತೆ ಮೆತ್ತನೆಯ ಮನೆ ಚಪ್ಪಲಿ ನ್ಯೂಜೆರ್ಸಿಯಿಂದಲೇ ತಗೊಂಡು ಹೋಗಿ.

ಇನ್ನು ಗಡಿಯಾರ. ಎದ್ದ ಕೂಡಲೇ ಕಾಫಿ, ಬಿಸ್ಕತ್ತು. ಹನ್ನೊಂದರ ಹೊತ್ತಿಗೆ ಹೊರಗೆ ಸುಟ್ಟ ಬ್ರೆಡ್ಡು, ಅದರ ಮೇಲೆ ತುರಿದ ಟೊಮೇಟೊ, ಆಲಿವ್ ಎಣ್ಣೆ, ಉಪ್ಪು. ದೊಡ್ಡ ಊಟ ಮಧ್ಯಾಹ್ನ ಎರಡೂವರೆ, ಮೂರಕ್ಕೆ. ಆ ಹೊತ್ತಿಗೆ ಚಿಕ್ಕ ಅಂಗಡಿಗಳೆಲ್ಲ ಶಟರ್ ಎಳೆದು, ಐದರ ಮೇಲೆಯೇ ತೆಗೆಯುವುದು. ರಾತ್ರಿ ಊಟ ಒಂಬತ್ತೂವರೆ, ಹತ್ತು. ಇದು ಬರೀ ಸೋಮಾರಿತನ ಅಂತ ಹಾಸ್ಯ ಮಾಡುವವರಿದ್ದಾರೆ, ನನಗೆ ಅದು ಸರಿಬರುವುದಿಲ್ಲ. ಸ್ಪೇನಿನ ಬಹುಭಾಗ ಗ್ರೀನಿಚ್ ರೇಖೆಯ ಪಶ್ಚಿಮಕ್ಕಿದೆ. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯುರೋಪಿನ ಸಮಯಕ್ಕೆ ಸೇರಿಸಿತು, ಮತ್ತೆ ಹಿಂದಕ್ಕೆ ತರಲೇ ಇಲ್ಲ. ಜೂನ್‌ನಲ್ಲಿ ಗ್ರನಾದದಲ್ಲಿ ಸೂರ್ಯ ಮುಳುಗುವಾಗ ಗಡಿಯಾರ ಒಂಬತ್ತೂವರೆ ದಾಟಿರುತ್ತದೆ. ಜನ ಉಣ್ಣುವುದು ಸೂರ್ಯನನ್ನು ನೋಡಿ. ಈ ಸಮಯಕ್ಕೆ ಒಗ್ಗಿಕೊಳ್ಳಲು ಹೊಟ್ಟೆ ಸ್ವಲ್ಪ ದಿನ ಹಠ ಮಾಡುತ್ತದೆ. ಹಸಿವಾಯಿತು ಅಂತ ಆರು ಗಂಟೆಗೆ ಏನಾದರೂ ತಿಂದು ಕೋಣೆ ಸೇರಬೇಡಿ. ರಾತ್ರಿ ಊಟಕ್ಕೆ ಮನೆಯವರ ಜೊತೆ ಕೂರುವುದು ತಪ್ಪಿದರೆ ಅವತ್ತಿನ ಮಾತು ತಪ್ಪಿದ ಹಾಗೆ.

ಅಮ್ಮಂದಿರ ಪ್ರಶ್ನೆಗೆ ಬರುತ್ತೇನೆ. ನಾನು ಸಸ್ಯಾಹಾರಿ. ಅದನ್ನು ಸ್ಪೇನಿನಲ್ಲಿ ಬಿಡಿಸಿ ಹೇಳಬೇಕು. ‘ಕಾರ್ನೆ’, ಅಂದರೆ ಮಾಂಸ, ತಿನ್ನುವುದಿಲ್ಲ ಅಂದರೆ ಸಾಲದು. ಬಹಳ ಜನಕ್ಕೆ ಮಾಂಸ ಬೇರೆ, ಹಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ) ಬೇರೆ, ಟ್ಯೂನಾ ಮೀನಂತೂ ಲೆಕ್ಕಕ್ಕೇ ಇಲ್ಲ. ಸಸ್ಯಾಹಾರಿ ಸ್ಯಾಲಡ್ ಕೇಳಿದರೆ ಮೇಲೆ ಟ್ಯೂನಾ ಉದುರಿಸಿ ತರುತ್ತಾರೆ. ಸಾಲ್ಮೊರೆಹೊ ಅಂತ ತಣ್ಣನೆಯ ಟೊಮೇಟೊ ಸೂಪ್ ಇದೆ, ಅದರ ಮೇಲೆ ಹಮೋನ್ ಚೂರು. ಬೇಳೆಯಲ್ಲಿ ಚೊರೀಸೊ, ಅಂದರೆ ಹಂದಿ ಮಾಂಸದ ಸಾಸೇಜ್. ಬೀನ್ಸಿನಲ್ಲಿ ಮತ್ತೆ ಹಮೋನ್. ಅದಕ್ಕೆ ನಾನು ಒಂದು ಸಾಲು ಬಾಯಿಪಾಠ ಮಾಡಿಕೊಂಡಿದ್ದೆ: ‘ನೋ ಕೋಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಅತೂನ್.’ ಮಾಂಸ, ಮೀನು, ಹಮೋನ್, ಟ್ಯೂನಾ ಯಾವುದೂ ಬೇಡ. ನಾಲ್ಕನ್ನೂ ಹೆಸರು ಹಿಡಿದು ಹೇಳಿ. ಮೊಟ್ಟೆ ಬೇಡದವರು ಅದನ್ನೂ ಸೇರಿಸಿ, ಯಾಕೆಂದರೆ ಎಲ್ಲೆಲ್ಲೂ ಸಿಗುವ ತೊರ್ತಿಯ್ಯಾ ಅಂದರೆ ಆಲೂಗಡ್ಡೆ ಮತ್ತು ಮೊಟ್ಟೆ.

ಹೀಗೆ ಹೇಳಿದ ಮೇಲೆ ಉಪವಾಸ ಬೀಳುವ ಪ್ರಶ್ನೆಯೇ ಇಲ್ಲ. ಸೆನ್ಯೋರಾ ಬೇಳೆ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕಂದು ಬೇಳೆ, ಕ್ಯಾರೆಟ್, ಆಲೂಗಡ್ಡೆ, ಪಲಾವ್ ಎಲೆಯಂಥದೇ ಒಂದು ಎಲೆ, ಸಿಪ್ಪೆ ಸಮೇತ ಇಡೀ ಬೆಳ್ಳುಳ್ಳಿ ಗಡ್ಡೆ, ಕೊನೆಗೆ ಒಂದು ಚಮಚ ಪಿಮೆಂತೋನ್, ಅಂದರೆ ಅಲ್ಲಿನ ಕೆಂಪು ಮೆಣಸಿನ ಪುಡಿ. ನನಗೋಸ್ಕರ ಚೊರೀಸೊ ಬಿಟ್ಟರು. ಮೊದಲು ‘ರುಚಿ ಎಲ್ಲಿಂದ ಬರುತ್ತೆ’ ಅಂತ ಚಿಂತೆ ಮಾಡಿದರು, ಆಮೇಲೆ ತಾವೂ ಹಾಗೇ ಉಂಡರು. ಪಾಲಕ್ ಹಾಕಿದ ಕಾಬೂಲಿ ಕಡಲೆ, ಗಾಸ್ಪಾಚೊ ಅನ್ನುವ ತಣ್ಣನೆಯ ತರಕಾರಿ ಸೂಪ್, ಹುರಿದ ದಪ್ಪ ಮೆಣಸಿನಕಾಯಿ ಎಲ್ಲ ನಾಲಿಗೆಗೆ ಹಿಡಿಸುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬದನೆಕಾಯಿ. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಗರಿಗರಿ ಕರಿದು, ಮೇಲೆ ಕಬ್ಬಿನ ಪಾಕ ಸುರಿಯುತ್ತಾರೆ. ಆ ಪಾಕ ನಮ್ಮ ಜೋನಿಬೆಲ್ಲದ ಹಾಗೇ. ಗ್ರನಾದದ ಕಡಲ ತೀರದಲ್ಲಿ ಕಬ್ಬು ಶತಮಾನಗಳ ಕಾಲ ಬೆಳೆದ ಬೆಳೆ, ಅರಬರು ತಂದದ್ದು. ಬದನೆಯೂ ಅವರ ಜೊತೆ ಬಂದದ್ದೇ.

ಈ ಊರಿನಲ್ಲಿ ಬಾರಿಗೆ ಹೋಗಿ ಏನಾದರೂ ಕುಡಿಯಲು ತಗೊಂಡರೆ ಒಂದು ತಟ್ಟೆ ತಿಂಡಿ ಸುಮ್ನೆ ಕೊಡುತ್ತಾರೆ. ಅದೇ ತಾಪಾ. ಸಾಮಾನ್ಯವಾಗಿ ಯಾವ ತಿಂಡಿ ಅಂತ ಅವರೇ ತೀರ್ಮಾನಿಸುವುದು, ಹಾಗಾಗಿ ಬಾಯಿಪಾಠ ಮಾಡಿದ ಆ ಸಾಲನ್ನು ಕುಡಿಯಲು ಏನು ಬೇಕು ಅಂತ ಹೇಳುವಾಗಲೇ ಹೇಳಿಬಿಡಿ. ಮದ್ಯ ಬೇಡದವರು ‘ಮೋಸ್ತೊ’ ಕೇಳಿ, ದ್ರಾಕ್ಷಿ ರಸ. ಅದಕ್ಕೂ ತಾಪಾ ಬರುತ್ತದೆ. ಬಡಿಸುವವರು ಮುಖ ಗಂಟಿಕ್ಕಿಕೊಂಡಂತೆ ಕಂಡರೆ ಬೇಜಾರಾಗಬೇಡಿ. ಗ್ರನಾದದವರ ಬಿರುಸು ಮಾತು ಇಡೀ ಸ್ಪೇನಿಗೇ ಗೊತ್ತು. ಅಮೆರಿಕದಲ್ಲಿ ನಗುವುದು ಕೆಲಸದ ಭಾಗ, ಇಲ್ಲಿ ಪರಿಚಯ ಆದ ಮೇಲೆ ಬರುವ ನಗು.

ಮಾರುಕಟ್ಟೆಯಲ್ಲಿ ಕಲಿತ ಒಂದು ವಿಷಯ ಎಲ್ಲೆಡೆ ಕೆಲಸಕ್ಕೆ ಬಂತು. ಕತೀಡ್ರಲ್ ಹತ್ತಿರದ ಸಾನ್ ಅಗುಸ್ತೀನ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ ಮುಂದೆ ಜನ ಗುಂಪಾಗಿ ನಿಂತಿರುತ್ತಾರೆ, ಸಾಲೇ ಕಾಣಿಸುವುದಿಲ್ಲ. ಆದರೆ ಸಾಲು ಇದೆ. ನೀವು ಹೋದ ಕೂಡಲೇ ‘ಕೊನೆಯವರು ಯಾರು?’ ಅಂತ ಜೋರಾಗಿ ಕೇಳಬೇಕು. ಯಾರೋ ಒಬ್ಬರು ‘ನಾನು’ ಅನ್ನುತ್ತಾರೆ. ಅವರ ಮುಖ ನೆನಪಿಟ್ಟುಕೊಂಡರೆ ಆಯಿತು, ಅವರಾದ ಮೇಲೆ ನೀವು. ನಿಮ್ಮ ಹಿಂದೆ ಬಂದವರು ಕೇಳಿದಾಗ ನೀವೂ ಹೇಳಬೇಕು. ಹಣ್ಣನ್ನು ನಾವೇ ಮುಟ್ಟಿ ಆರಿಸುವ ಹಾಗಿಲ್ಲ. ಇವತ್ತಿಗೆ ಬೇಕೋ ನಾಳೆಗೋ ಹೇಳಿದರೆ ಅಂಗಡಿಯವರೇ ಅದಕ್ಕೆ ತಕ್ಕಂತೆ ಆರಿಸಿ ಕೊಡುತ್ತಾರೆ. ಸೂಪರ್ ಮಾರ್ಕೆಟ್‌ನಲ್ಲಿ ಬಾಯಿ ಬಿಡದೆ ಸಾಮಾನು ತಂದುಬಿಡಬಹುದು, ಇಲ್ಲಿ ಆಗುವುದಿಲ್ಲ. ಅದಕ್ಕೇ ನಾನು ಬೇಕೆಂದೇ ಇಲ್ಲಿಗೆ ಹೋಗುತ್ತಿದ್ದೆ.

ಮಾತಿನ ವಿಚಾರದಲ್ಲಿ ಕನ್ನಡ ನನಗೆ ದೊಡ್ಡ ಆಸರೆ. ತ, ದ, ರ ಮತ್ತು ಐದು ಸ್ವರಗಳು ನಮ್ಮ ಬಾಯಲ್ಲಿ ಆಗಲೇ ಇವೆ. ಅಮೆರಿಕನ್ ಗೆಳತಿಯರು ರ ಉರುಳಿಸಲು ಕಷ್ಟಪಡುವಾಗ ನನಗೆ ಅದು ತಾನಾಗೇ ಬಂತು. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಉಚ್ಚಾರ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. ಕೇಳಿ ಅರ್ಥ ಮಾಡಿಕೊಳ್ಳುವುದು ಬೇರೆ ಮಾತು. ಗ್ರನಾದ ಇರುವ ದಕ್ಷಿಣದ ಪ್ರಾಂತ್ಯ ಅಂದಲೂಸಿಯಾ, ಅಲ್ಲಿಯವರು ಪದದ ಕೊನೆಯ ಸ ನುಂಗುತ್ತಾರೆ. ‘ಮಾಸ್ ಓ ಮೇನೊಸ್’ (ಹೆಚ್ಚು ಕಡಿಮೆ) ಅನ್ನುವುದು ‘ಮಾ ಓ ಮೇನೊ’ ಆಗುತ್ತದೆ. ಪುಸ್ತಕದ ಸ್ಪ್ಯಾನಿಷ್ ಕಲಿತವರಿಗೆ ಶುರುವಿನಲ್ಲಿ ತಲೆ ಬಿಸಿಯಾಗುತ್ತದೆ. ದಿನಾ ರಾತ್ರಿ ಸೆನ್ಯೋರಾ ಜೊತೆ ಟಿವಿ ವಾರ್ತೆ ನೋಡಿ, ಅವರು ಅದಕ್ಕೆ ಬೈಯುವುದನ್ನು ಕೇಳಿ ಕೇಳಿ ನನ್ನ ಕಿವಿ ಪಳಗಿತು.

ಓದಿನ ಬಗ್ಗೆ. ಗ್ರನಾದ ವಿಶ್ವವಿದ್ಯಾಲಯ 1531ರಲ್ಲಿ ಹುಟ್ಟಿದ್ದು. ವಿದೇಶಿಯರಿಗೆ ರಿಯಲೆಹೊ ಬಡಾವಣೆಯಲ್ಲಿ ಬೇರೆಯೇ ಭಾಷಾ ಕೇಂದ್ರ ಇದೆ. ಪಾಠ ಚೆನ್ನಾಗಿರುತ್ತದೆ, ಆದರೆ ಅಕ್ಕಪಕ್ಕ ಕೂತವರೂ ನಮ್ಮ ಹಾಗೇ ಪರದೇಶಿಗಳು. ಅದಕ್ಕೆ ಒಂದು ವಿಷಯವನ್ನಾದರೂ ಕಾರ್ತೂಹಾ ಗುಡ್ಡದ ಮೇಲಿನ ಸಾಹಿತ್ಯ ವಿಭಾಗದಲ್ಲಿ ಅಲ್ಲಿನ ವಿದ್ಯಾರ್ಥಿಗಳ ಜೊತೆ ತಗೊಳ್ಳಿ. ನಾನು ಅಲ್-ಅಂದಲುಸ್, ಅಂದರೆ ಮುಸ್ಲಿಂ ಆಳ್ವಿಕೆಯ ಸ್ಪೇನಿನ, ಇತಿಹಾಸ ತಗೊಂಡೆ. ಪ್ರೊಫೆಸರ್ ಮಾತಾಡುತ್ತಾ ಹೋಗುತ್ತಾರೆ, ಎಲ್ಲರೂ ಬರೆದುಕೊಳ್ಳುತ್ತಾರೆ. ಅಮೆರಿಕದ ಹಾಗೆ ವಾರವಾರ ಹೋಂವರ್ಕ್ ಇಲ್ಲ, ಅಂಕ ಜಾಸ್ತಿ ಇರುವುದು ಕೊನೆಯ ಪರೀಕ್ಷೆಗೇ. 10ಕ್ಕೆ 5 ಬಂದರೆ ಪಾಸು, 7ಕ್ಕೆ ‘ನೊತಾಬ್ಲೆ’, 9 ಬಂತು ಅಂದರೆ ಹಬ್ಬ. ಎ ಗ್ರೇಡಿಗೆ ಒಗ್ಗಿದವರು 7 ನೋಡಿ ಅಳಬೇಡಿ, ಅದು ಒಳ್ಳೆಯ ಅಂಕ. ಪಕ್ಕದವರ ನೋಟ್ಸ್ ಕೇಳುವುದು ಅಲ್ಲಿ ಮಾಮೂಲು. ನಾನು ನೋಟ್ಸ್ ಕೇಳಿದ ಹುಡುಗಿಯೇ ಆಮೇಲೆ ಗೆಳತಿಯಾದಳು.

ಭಾನುವಾರ ಸೆನ್ಯೋರಾ ಮಗ, ಸೊಸೆ, ಮೊಮ್ಮಕ್ಕಳು ಊಟಕ್ಕೆ ಬರುತ್ತಿದ್ದರು. ಊಟ ಮುಗಿದರೂ ಯಾರೂ ಏಳುವುದಿಲ್ಲ. ತಟ್ಟೆ ತೆಗೆದು, ಕಾಫಿ ಇಟ್ಟು, ಮಾತು ಸಂಜೆವರೆಗೂ. ಜಗಳವೂ ಇರುತ್ತದೆ, ರಾಜಕೀಯ ಬಂದರೆ ಎಲ್ಲರೂ ಒಟ್ಟಿಗೇ ಕೂಗುತ್ತಾರೆ. ಆ ಮಾತಿನ ಮಧ್ಯೆ ನುಗ್ಗಿ ನನ್ನದೊಂದು ವಾಕ್ಯ ಹೇಳಲು ಸಾಧ್ಯವಾದ ದಿನ ನನಗೆ ಸ್ಪ್ಯಾನಿಷ್ ಬಂತು ಅನ್ನಿಸಿತು. ಸಂಜೆ ಹೆನೀಲ್ ನದಿ ದಂಡೆಯಲ್ಲಿ ಎಲ್ಲರೂ ಒಟ್ಟಿಗೆ ಅಡ್ಡಾಡುತ್ತಿದ್ದೆವು.

ಮೇ 3 ಗ್ರನಾದದಲ್ಲಿ ಶಿಲುಬೆಯ ಹಬ್ಬ. ಚೌಕಗಳಲ್ಲಿ, ಅಂಗಳಗಳಲ್ಲಿ, ಅಂಗಡಿಗಳಲ್ಲಿ ಕೆಂಪು ಕಾರ್ನೇಷನ್ ಹೂವಿನ ದೊಡ್ಡ ಶಿಲುಬೆ ನಿಲ್ಲಿಸುತ್ತಾರೆ, ನಗರಸಭೆ ಬಹುಮಾನವನ್ನೂ ಕೊಡುತ್ತದೆ. ನಮ್ಮ ಕಟ್ಟಡದ ಹೆಂಗಸರೆಲ್ಲ ಸೇರಿ ಅಂಗಳದಲ್ಲಿ ಒಂದು ಮಾಡಿದರು. ನನಗೂ ಹೂ ಚುಚ್ಚುವ ಕೆಲಸ ಕೊಟ್ಟರು. ಹಿಂದೆ ಕಸೂತಿ ಶಾಲು, ಮುಂದೆ ತಾಮ್ರದ ಪಾತ್ರೆಗಳು, ನೀಲಿ ಹಸಿರು ಚಿತ್ತಾರದ ಫಹಲೌಸಾ ಮಣ್ಣಿನ ತಟ್ಟೆಗಳು. ಬುಡದಲ್ಲಿ ಒಂದು ಸೇಬು, ಅದಕ್ಕೆ ಚುಚ್ಚಿದ ಕತ್ತರಿ. ಅದು ಕೊಂಕು ತೆಗೆಯುವವರ ಬಾಯಿ ಮುಚ್ಚಿಸಲಿಕ್ಕಂತೆ. ಮೇಲಿನ ಮನೆಯ ಅಜ್ಜಿ ನಾನು ಚುಚ್ಚಿದ ಹೂಗಳನ್ನು ಕಿತ್ತು ಒತ್ತೊತ್ತಾಗಿ ಚುಚ್ಚಿ ತೋರಿಸಿದರು, ಹೂಗಳ ಸಂದಿಯಲ್ಲಿ ಏನೂ ಕಾಣಬಾರದು ಅಂತ. ಹೂ ಕಟ್ಟುವ ಕೈ ನನ್ನದು, ಬೇಗ ಹಿಡಿತ ಸಿಕ್ಕಿತು. ಆ ವಾರಾಂತ್ಯ ನಮ್ಮ ತಂಡದ ಬಹಳ ಜನ ಬೇರೆ ದೇಶದಲ್ಲಿದ್ದರು. ಅವರಿಗೆ ಈ ಹಬ್ಬ ಇದೆ ಅಂತಲೇ ಗೊತ್ತಾಗಲಿಲ್ಲ, ನನಗೆ ಈಗಲೂ ಅದರ ಬಗ್ಗೆ ಬೇಸರ ಇದೆ.

ಹೊರಡುವ ಮುಂಚೆ ಒಂದು ಕೆಲಸ ಮಾಡಿಟ್ಟುಕೊಳ್ಳಿ. ಪ್ರತಿ ವಿಷಯದ ಪಠ್ಯವಿವರವನ್ನು ಇಳಿಸಿಕೊಂಡು ಜೋಪಾನವಾಗಿಡಿ. ಅಂಕಪಟ್ಟಿ ಅಮೆರಿಕಕ್ಕೆ ತಲುಪಲು ತಿಂಗಳುಗಳೇ ಹಿಡಿಯಬಹುದು. ಕ್ರೆಡಿಟ್ ಲೆಕ್ಕ ಹಾಕುವಾಗ ಇಲ್ಲಿನ ವಿಭಾಗದವರು ಮೊದಲು ಕೇಳುವುದು ಅದನ್ನೇ. ಅಲ್ಲಿನ 6 ಕ್ರೆಡಿಟ್ ಇಲ್ಲಿ ಸಾಮಾನ್ಯವಾಗಿ 3 ಆಗುತ್ತದೆ. ಹೋಗುವ ಮುಂಚೆಯೇ ಯಾವ ವಿಷಯಕ್ಕೆ ಯಾವುದು ಸಮ ಅಂತ ನಿಮ್ಮ ಅಡ್ವೈಸರ್ ಹತ್ತಿರ ಬರಹದಲ್ಲಿ ತಗೊಳ್ಳಿ, ಬಾಯಿಮಾತು ಬೇಡ.